ಸಿಡಿಲಿನ ಫ್ಲೆಕ್ಸು, ಜಗದಕ್ಕನ ಕರಿ ಕಿಟಕಿ

ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಜಗದಾಂಬ ಗ್ರಾಫಿಕ್ಸ್ ಎಂಬ ಫ್ಲೆಕ್ಸ್ ಅಂಗಡಿಯಿದೆ. ಹುಟ್ಟಿದವರು, ಗೆದ್ದವರು, ಸೋತರೂ ಕೈ ಮುಗಿಯುವವರು, ಶಿವೈಕ್ಯರಾದವರು, ಎಲ್ಲರೂ ಒಮ್ಮೆ ಜಗದಕ್ಕನ ಮಷೀನಿನೊಳಗೆ ಹೊಕ್ಕು ಬಣ್ಣ ಬಳಿದುಕೊಂಡು ಹೊರಗೆ ಬಂದವರೇ. ಫ್ಲೆಕ್ಸ್ ಅಂದರೆ ಬಾಗುವುದು ಎಂದು ಅರ್ಥವಂತೆ. ಬಾಗುವುದು ಬಟ್ಟೆ ಮಾತ್ರ. ಬಟ್ಟೆಯ ಮೇಲೆ ನಿಂತವರು ಯಾರೂ ಬಾಗಿದ್ದನ್ನು ಜಗದಕ್ಕ ಈತನಕ ಕಂಡಿಲ್ಲ.

ಸೊರಬದಲ್ಲಿ ಈ ಅಂಗಡಿಗೊಂದು ಮರಿ ಅಂಗಡಿ ಇದೆ. ಅದನ್ನು ನೋಡಿಕೊಳ್ಳುವವನು ಜಗದಕ್ಕನ ಮೈದುನ ಗುರುಪ್ರಕಾಶ. ಡಿಸೈನು ಎರಡೂ ಊರಲ್ಲಿ ಆಗುತ್ತದೆ, ಪ್ರಿಂಟು ಶಿಕಾರಿಪುರದಲ್ಲಿ ಮಾತ್ರ. ಫೈಲುಗಳೆಲ್ಲ ಜಗದಕ್ಕನ ಮೇಜಿನ ಕೆಳಗೆ ಕುಂಕುಮ ಹಚ್ಚಿಸಿಕೊಂಡು ಕೂತ ಸರ್ವರ್ ಪೆಟ್ಟಿಗೆಯಲ್ಲಿರುತ್ತವೆ. ಸೊರಬದವರು ಅಲ್ಲಿಂದಲೇ ತೆರೆಯಬಹುದು, ಶಿಕಾರಿಪುರದವರು ಇಲ್ಲಿಂದಲೇ ತಿದ್ದಬಹುದು. ಹಂಚಿಕೊಂಡ ಫೋಲ್ಡರು ಎಂದು ಅದರ ಹೆಸರು. ಅಲ್ಲಿ ಹಂಚಿದ್ದಕ್ಕಿಂತ ಹೊಂಚಿದ್ದೇ ಹೆಚ್ಚು ಎನ್ನುವುದು ಜಗದಕ್ಕನ ಅಂಬೋಣ.

ಈ ಏರ್ಪಾಡು ಮಾಡಿಕೊಟ್ಟವನು ಅವಳ ಅಣ್ಣನ ಮಗ ಮಲ್ಲಿಕಾರ್ಜುನ. ಅದೇ ರಸ್ತೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಪುಕ್ಕಟೆ ಸಿಗುವ ಸಾಫ್ಟ್‌ವೇರಿಗೆ ದೀಕ್ಷೆ ಪಡೆದವನಂತೆ ನಡೆದುಕೊಳ್ಳುವವನು. ದಿನಾ ಬೆಳಿಗ್ಗೆ ಸರ್ವರು ತನ್ನಷ್ಟಕ್ಕೆ ಎಲ್ಲ ಫೈಲುಗಳ ಒಂದು ನಕಲು ತೆಗೆದು ಬೇರೆ ಕಡೆ ಇಡುವಂತೆ ಮಾಡಿದ್ದ. ಅದಾದ ಮೇಲೆ ಅತ್ತೆಯ ಪರದೆಯ ಮೇಲೆ ಎರಡು ಕರಿ ಕಿಟಕಿ ತೆರೆದುಕೊಟ್ಟು, ಎನ್‌ಎಫ್‌ಎಸ್‌ಸ್ಟ್ಯಾಟ್ ಎಂಬ ಒಂದೇ ಒಂದು ಪದವನ್ನು ಟೈಪು ಮಾಡಿ ಎಂಟರ್ ಒತ್ತುವುದನ್ನು ಕಲಿಸಿದ. ಒಮ್ಮೆ ಒತ್ತಿದರೆ ಅಂಕಿಗಳು ತಾವೇ ಬದಲಾಗುತ್ತಿರುವಂತೆ ಮಾಡಿದ್ದ. ಎಡದ ಕಿಟಕಿಯಲ್ಲಿ ಶಿಕಾರಿಪುರದ ಕಂಪ್ಯೂಟರಿನ ಲೆಕ್ಕ, ಬಲದ್ದರಲ್ಲಿ ಸೊರಬದ್ದು.

"ಅತ್ತೆ, ಇದು ಯಾವ ಫೈಲು ಅಂತ ಹೇಳಲ್ಲ. ಫೋಲ್ಡರಿಗೆ ಎಷ್ಟು ಸಲ ಬಂದು ಹೋದ್ರು, ಏನು ಮಾಡಕ್ಕೆ ಬಂದ್ರು ಅಂತ ಮಾತ್ರ."

"ಅಷ್ಟು ಸಾಕು ಬಿಡಪ್ಪ. ಎದುರುಮನೆ ಬಾಗ್ಲು ಎಷ್ಟು ಸಲ ತೆಗೀತು ಅಂತ ಗೊತ್ತಾದ್ರೆ, ಒಳಗೆ ಯಾರು ಬಂದ್ರು ಅಂತ ಹೇಳಕ್ಕೆ ನಂಗೆ ಕ್ಯಾಮರಾ ಬೇಕಾ?"

ಮಲ್ಲಿಕಾರ್ಜುನ ಒಂದೊಂದೇ ಸಾಲು ತೋರಿಸಿ ಬಿಡಿಸಿ ಹೇಳಿದ. ರೀಡ್ ಅಂದರೆ ಫೈಲು ಓದಿದ್ದು. ರೈಟ್ ಅಂದರೆ ತಿದ್ದಿ ಉಳಿಸಿದ್ದು. ಗೆಟ್‌ಆಟರ್ ಅಂತ ಇನ್ನೊಂದು ಇದೆ, ಅದರಲ್ಲಿ ಕೆಲಸವೇನೂ ಆಗುವುದಿಲ್ಲ. ಫೈಲು ಈಗ ಎಷ್ಟು ದೊಡ್ಡದಿದೆ, ಕೊನೆಗೆ ಯಾವಾಗ ಬದಲಾಯ್ತು ಎಂದು ಬರೀ ವಿಚಾರಿಸಿಕೊಂಡು ಹೋಗುವುದು.

"ಅಂದ್ರೆ ನಿಮ್ಮ ದೊಡ್ಡತ್ತೆ ಫೋನ್ ಮಾಡ್ದಂಗೆ," ಎಂದಳು ಜಗದಕ್ಕ. "ಊಟಾಯ್ತಾ, ಕಾಪಿ ಆಯ್ತಾ, ದಪ್ಪ ಆಗಿದೀಯಾ, ಇಟ್ಟೆ."

ಅವತ್ತಿನಿಂದ ಆ ಸಾಲುಗಳಿಗೆ ಅವಳೇ ನಾಮಕರಣ ಮಾಡಿದಳು. ಗೆಟ್‌ಆಟರ್ ಅಂದರೆ 'ಏನ್ ಸಮಾಚಾರ'. ರೀಡ್ ಅಂದರೆ 'ನೋಡ್ದೆ'. ರೈಟ್ ಅಂದರೆ 'ಮುಟ್ಟಿದೆ'. ಟೀವಿ ಧಾರಾವಾಹಿ ನೋಡುವುದನ್ನು ಬಿಟ್ಟಳು. ಅಂಗಡಿಗೆ ಬಂದವರು ಕರಿ ಪರದೆಯ ಮೇಲೆ ಬಿಳಿ ಅಂಕಿ ಕಂಡು, ಅಕ್ಕ ಜಿಎಸ್‌ಟಿ ತುಂಬುತ್ತಿದ್ದಾಳೆ ಎಂದು ದನಿ ತಗ್ಗಿಸಿ ಮಾತಾಡುತ್ತಿದ್ದರು. ಅಕ್ಕ ನೋಡುತ್ತಿದ್ದದ್ದು ಮೈದುನ ಬೆಳಿಗ್ಗೆ ಎಷ್ಟು ಹೊತ್ತಿಗೆ ಅಂಗಡಿ ತೆಗೆದ ಅನ್ನುವುದನ್ನು.

*

ದೀಪಾವಳಿ ಮುಗಿದು ಹೋರಿ ಬೆದರಿಸುವ ಹಬ್ಬಗಳು ಶುರುವಾಗಿದ್ದವು. ಆ ಸೀಮೆಯಲ್ಲಿ ಹೋರಿಗೆ ಇರುವಷ್ಟು ಅಭಿಮಾನಿಗಳು ಸಿನಿಮಾದವರಿಗೂ ಇಲ್ಲ. ಕೊಬ್ಬರಿ ಹಾರ, ಬಲೂನು, ಜೂಲು ಕಟ್ಟಿಸಿಕೊಂಡ ಹೋರಿ ಅಖಾಡದಲ್ಲಿ ಜನರ ನಡುವೆ ನುಗ್ಗಿ ಓಡಬೇಕು, ಜನ ಅದರ ಕೊಬ್ಬರಿ ಹರಿಯಬೇಕು, ಕೊಬ್ಬರಿ ಬಿಟ್ಟುಕೊಡದೆ ಹೋದ ಹೋರಿಯೇ ಹೋರಿ. ಹಾಗೆ ಬಿಟ್ಟುಕೊಡದವುಗಳಲ್ಲಿ ದೊಡ್ಡ ಹೆಸರು ಸಿಡಿಲು.

ಸಿಡಿಲು ಹುಟ್ಟಿದ್ದು ಸೊರಬ ತಾಲೂಕಿನ ಕುಬಟೂರಿನಲ್ಲಿ, ತುಂಗಮ್ಮ ಎಂಬ ಮುದುಕಿಯ ಕೊಟ್ಟಿಗೆಯಲ್ಲಿ. ಹುಟ್ಟಿದ ವಾರಕ್ಕೇ ತಾಯಿ ಸತ್ತಿತು. ತುಂಗಮ್ಮ ಸೀಸೆಯಲ್ಲಿ ಹಾಲು ಕುಡಿಸಿ, ಚಳಿಗೆ ತನ್ನ ಕಂಬಳಿಯನ್ನೇ ಹೊದಿಸಿ ಬೆಳೆಸಿದಳು. ಬೆಳೆದ ಮೇಲೆ ಅದನ್ನು ಕೊಂಡವನು ಶಿಕಾರಿಪುರದ ಮಾಲತೇಶ. ಅಲ್ಲಿಗೆ ಜಗಳಕ್ಕೆ ಬೀಜ ಬಿತ್ತು. ಹಿಂಡಿ ಹಾಕಿ ಹೋರಿ ಮಾಡಿದವರು ನಾವು ಎಂದು ಮಾಲತೇಶನ ಅಭಿಮಾನಿ ಬಳಗ, ಹುಟ್ಟಿದ್ದು ನಮ್ಮ ತಾಲೂಕು, ನೀವು ಬರೀ ದತ್ತು ತಗೊಂಡವರು ಎಂದು ಸೊರಬದ ಉಚ್ಚಂಗಪ್ಪನ ಅಭಿಮಾನಿ ಬಳಗ. ಹೋದ ವರ್ಷ ಎರಡು ಬಳಗದವರೂ ಬೇರೆ ಬೇರೆ ಫ್ಲೆಕ್ಸ್ ಹಾಕಿ, ಹಬ್ಬದ ದಿನ ಉಚ್ಚಂಗಪ್ಪ ಅಳತೆ ಟೇಪು ತಂದು ಮಾಲತೇಶನ ಗದ್ದದಿಂದ ಹಣೆತನಕ ಅಳೆದು, ತನ್ನದಕ್ಕಿಂತ ನಾಲ್ಕು ಬೆರಳು ಜಾಸ್ತಿ ಎಂದು ಕೂಗಾಡಿ, ಕೊನೆಗೆ ಎರಡೂ ಫ್ಲೆಕ್ಸು ಹರಿದು ಯಾರದೋ ಹುಲ್ಲಿನ ಬಣವೆ ಮೇಲೆ ಹೊದಿಕೆಯಾಗಿದ್ದವು.

ಈ ಸಲ ಹಿರಿಯರು ರಾಜಿ ಮಾಡಿಸಿದರು. ಎರಡೂ ಬಳಗಕ್ಕೆ ಸೇರಿ ಒಂದೇ ಫ್ಲೆಕ್ಸು. ನಡುವೆ ಸಿಡಿಲು, ಎಡಕ್ಕೆ ಮಾಲತೇಶ, ಬಲಕ್ಕೆ ಉಚ್ಚಂಗಪ್ಪ, ಇಬ್ಬರೂ ಒಂದೇ ಅಳತೆ.

ಈ ಸುದ್ದಿ ಕೇಳಿ ತುಂಗಮ್ಮ ಕುಬಟೂರಿನಿಂದ ಬಸ್ಸು ಹತ್ತಿ ಜಗದಕ್ಕನ ಅಂಗಡಿಗೇ ಬಂದಿದ್ದಳು. ಸೆರಗಿನ ಗಂಟು ಬಿಚ್ಚಿ ಒಂದು ಫೋಟೋ ತೆಗೆದಳು. ಅದರಲ್ಲಿ ಅವಳು ಹಟ್ಟಿಯ ಮುಂದೆ ಕಾಲು ಚಾಚಿ ಕೂತಿದ್ದಾಳೆ, ತೊಡೆಯ ಮೇಲೆ ಮೂತಿ ಇಟ್ಟುಕೊಂಡು ಪುಟ್ಟ ಸಿಡಿಲು.

"ಇದುನ್ನೂ ಅದ್ರಾಗೆ ಹಾಕ್ತೀರೇನ್ರೀ ಅಮ್ಮಾ? ಮೂಲೇಲಾದ್ರೂ ಆತು. ನನ್ ಮುಖ ಈವರ್ಗೂ ಎಲ್ಲೂ ಬಂದಿಲ್ಲ. ಆಧಾರ್ ಕಾರ್ಡಲ್ಲಿ ಬಂದೈತೆ, ಅದ್ರಾಗೆ ಕಳ್ಳಿ ಥರಾ ಬಂದೀನಿ."

ಜಗದಕ್ಕನಿಗೆ ನಗು ಬಂತು, ಅದರ ಹಿಂದೆಯೇ ಇನ್ನೇನೋ ಬಂತು. ಇಷ್ಟು ವರ್ಷ ಎಷ್ಟು ಮುಖ ಪ್ರಿಂಟು ಮಾಡಿದ್ದಾಳೆ! ಅದರಲ್ಲಿ ಅರ್ಧದಷ್ಟು ಮುಖಗಳು ಕಳ್ಳರ ಥರ ಕಾಣದಿರಲಿ ಎಂದು ಬೆಳ್ಳಗೆ ಮಾಡಿದ್ದಾಳೆ. ಈ ಮುದುಕಿ ಕೇಳುತ್ತಿರುವುದು ಒಂದು ಮೂಲೆ.

"ಕೂತ್ಕೊಳ್ರೀ ತುಂಗಮ್ಮ. ನಿಮ್ಮ ಮುಖ ಇಲ್ದೆ ಸಿಡಿಲಿನ ಫ್ಲೆಕ್ಸ್ ನನ್ನ ಮಷೀನಿಂದ ಹೊರಗೆ ಬಂತು ಅಂದ್ರೆ, ನಾ ಈ ಅಂಗಡಿ ಬೋರ್ಡು ಇಳಿಸ್ತೀನಿ."

"ಬೋರ್ಡ್ ಯಾಕೆ ಇಳಸ್ತೀರಿ, ಪಾಪ. ಹಾಕ್ದಿದ್ರೆ ಬ್ಯಾಡ ಬಿಡ್ರಿ," ಎಂದು ತುಂಗಮ್ಮ ಬಾಗಿಲ ತನಕ ಹೋಗಿ ತಿರುಗಿ ನಿಂತಳು. "ಹಬ್ಬದ ದಿನ ಬರ್ತೀನಿ. ಮೊಮ್ಮಕ್ಕಳ್ನೆಲ್ಲ ಕರ್ಕಂಡು. ಹೇಳೂ ಬಿಟ್ಟೀನಿ ಅವುಕ್ಕೆ."

*

ಹಬ್ಬದ ಹಿಂದಿನ ದಿನ. ಬೆಳಿಗ್ಗೆ ಜಗದಕ್ಕ ಫೈಲು ತೆರೆದು ನೋಡಿದಾಗ ಎಲ್ಲ ಸರಿ ಇತ್ತು. ನಡುವೆ ಸಿಡಿಲು, ಎರಡು ಕಡೆ ಎರಡು ಮುಖ, ಕೆಳಗಿನ ಮೂಲೆಯಲ್ಲಿ ತುಂಗಮ್ಮ ಮತ್ತು ಕರು. ಸಂಜೆ ಮುಂದೆ ಪ್ರಿಂಟಿಗೆ ಹಾಕಬೇಕು. ಎರಡೂ ಅಂಗಡಿಯಲ್ಲಿ ಬೇರೆ ಕೆಲಸವೇ ಇರಲಿಲ್ಲ. ಹಾಗಾಗಿ ಕರಿ ಕಿಟಕಿ ತಣ್ಣಗಿರಬೇಕಿತ್ತು.

ಮಧ್ಯಾಹ್ನದ ಹೊತ್ತಿಗೆ ಬಲಗಡೆ ಕಿಟಕಿಯಲ್ಲಿ 'ಮುಟ್ಟಿದೆ' ಸಾಲು ಹಾಲು ಉಕ್ಕಿದ ಹಾಗೆ ಏರತೊಡಗಿತು. ಜಗದಕ್ಕ ಸೊರಬಕ್ಕೆ ಫೋನು ಹಚ್ಚಿದಳು.

"ಗುರು, ಎಲ್ಲಿದೀಯಪ್ಪ?"

"ಅಂಗಡಿ ಬಾಗ್ಲು ಹಾಕಿ ಮನೆಗೆ ಬಂದೀನಿ ಅತ್ತಿಗೆ. ಊಟಕ್ಕೆ ಕೂತಿದೀನಿ."

ಕಿಟಕಿಯಲ್ಲಿ ಅಂಕಿ ಇನ್ನೊಂದು ನೆಗೆತ ನೆಗೆಯಿತು. ಫೋನಿನ ಹಿಂದೆ ಯಾರೋ ದಪ್ಪ ದನಿಯವರು, "ಇನ್ನೊಂಚೂರು ಎಳಿ ಮಾರಾಯ, ಇನ್ನೊಂಚೂರು!" ಎಂದದ್ದು ಕೇಳಿಸಿತು.

"ಅದೇನೋ ಎಳೀರಿ ಅಂತಿದಾರಲ್ಲ?"

"ಅದಾ? ಚಾಪೆ ಅತ್ತಿಗೆ. ಊಟಕ್ಕೆ ಚಾಪೆ ಎಳೀತಿದಾರೆ."

"ಉಚ್ಚಂಗಪ್ಪ ಯಾವಾಗಿಂದ ನಿಮ್ಮನೇಲಿ ಚಾಪೆ ಹಾಸೋಕೆ ಶುರು ಮಾಡಿದ್ರು?"

"ಹಲೋ, ಹಲೋ, ಅತ್ತಿಗೆ, ಸಿಗ್ನಲ್ ಇಲ್ಲ," ಎಂದು ಗುರುಪ್ರಕಾಶ ಬಹಳ ಸ್ಪಷ್ಟವಾಗಿ ಹೇಳಿ ಫೋನು ಇಟ್ಟ.

ಫೈಲು ತೆರೆದರೆ ಉಚ್ಚಂಗಪ್ಪ ಉಬ್ಬಿದ್ದ. ಮೀಸೆಯ ತುದಿ ಸಿಡಿಲಿನ ಬಾಲಕ್ಕೆ ತಾಗುತ್ತಿತ್ತು. ತುಂಗಮ್ಮ ಕರುವಿನ ಸಮೇತ ಅಂಚೆ ಚೀಟಿಯಷ್ಟಾಗಿದ್ದಳು. ಜಗದಕ್ಕನಿಗೆ ಸಿಟ್ಟು ಬಂತು, ಆದರೆ ಖುಷಿಯೂ ಆಯಿತು. ಸೊರಬದವರೇ ಇಂಥವರು ಎಂದು ಅವಳು ಮದುವೆಯಾದಾಗಿನಿಂದ ಹೇಳುತ್ತಲೇ ಬಂದಿದ್ದಳು.

ಖುಷಿ ಬಹಳ ಹೊತ್ತು ಬಾಳಲಿಲ್ಲ. ಎಡದ ಕಿಟಕಿಯೂ ಏರತೊಡಗಿತು.

ಎಡದ ಕಿಟಕಿ ಅಂದರೆ ಶಿಕಾರಿಪುರ. ಶಿಕಾರಿಪುರ ಅಂದರೆ ಇದೇ ಅಂಗಡಿ. ಇದೇ ಅಂಗಡಿ ಅಂದರೆ ಗಾಜಿನ ತಡಿಕೆಯ ಆಚೆ ಕೂತ ಡಿಸೈನರ್ ಸುಷ್ಮಿತಾ. ಜಗದಕ್ಕ ಕತ್ತು ಚಾಚಿ ನೋಡಿದಳು. ಹುಡುಗಿಯ ಮುಂದೆ ಒಂದು ದೊಡ್ಡ ಪೊಟ್ಟಣ ಮಂಡಕ್ಕಿ, ಅದರ ಮೇಲೆ ಆಗತಾನೆ ಎಣ್ಣೆಯಿಂದ ತೆಗೆದ ಮಿರ್ಚಿ. ಪಕ್ಕದ ಸ್ಟೂಲಿನ ಮೇಲೆ ಕರಿ ಕನ್ನಡಕದ ಮಾಲತೇಶ, ಪೂಜೆಗೆ ಕೂತವನಷ್ಟು ಭಕ್ತಿಯಿಂದ ಪರದೆ ನೋಡುತ್ತಿದ್ದಾನೆ.

"ಸುಷ್ಮಿತಾ, ಏನ್ ಮಾಡ್ತಿದೀಯಮ್ಮ?"

"ಏನೂ ಇಲ್ಲಕ್ಕ. ಮಂಡಕ್ಕಿ ತಿಂತಿದೀನಿ."

"ಎರಡೂ ಕೈಯಲ್ಲಾ?"

"ಒಂದು ಕೈಯಲ್ಲಿ ಅಕ್ಕ." ಇನ್ನೊಂದು ಕೈ ಮೌಸಿನ ಮೇಲಿತ್ತು. ಮೌಸಿನ ಮೇಲೆ ಮಿರ್ಚಿ ಎಣ್ಣೆ ಮಿಂಚುತ್ತಿತ್ತು.

"ನಾ ಸುಮ್ನೆ ಕೂತೀನ್ರೀ ಅಕ್ಕಾರೆ," ಎಂದ ಮಾಲತೇಶ, ಯಾರೂ ಕೇಳದೆ ಇದ್ದರೂ.

ಮತ್ತೆ ಫೈಲು ತೆರೆದಳು. ಈಗ ಮಾಲತೇಶನ ಕರಿ ಕನ್ನಡಕದಲ್ಲಿ ಎರಡು ಎಮ್ಮೆ ಕಟ್ಟಬಹುದಿತ್ತು. ಸಿಡಿಲು ಎರಡು ಕುಂಬಳಕಾಯಿಯ ನಡುವೆ ಸಿಕ್ಕ ಮೆಣಸಿನಕಾಯಿಯಂತೆ ಕೊಂಬು ಮಾತ್ರ ತೋರಿಸುತ್ತ ನಿಂತಿತ್ತು. ತುಂಗಮ್ಮನನ್ನು ಹುಡುಕಿದಳು. ಇಲ್ಲ. ದೊಡ್ಡದು ಮಾಡಿ ಹುಡುಕಿದಳು. ಉಚ್ಚಂಗಪ್ಪನ ಮೀಸೆಯ ಹಿಂದೆ ಒಂದು ಸೆರಗಿನ ಚುಂಗು ಕಂಡಿತು, ಅಷ್ಟೆ.

ಅಷ್ಟರಲ್ಲಿ ಎರಡೂ ಕಿಟಕಿಯಲ್ಲಿ 'ಏನ್ ಸಮಾಚಾರ' ಸಾಲು ಹುಚ್ಚೆದ್ದು ಓಡುತ್ತಿತ್ತು. ಇಬ್ಬರೂ ಫೋಲ್ಡರು ತೆರೆದಿಟ್ಟುಕೊಂಡು, ಫೈಲು ಎಷ್ಟು ದೊಡ್ಡದಾಯ್ತು, ಆ ಕಡೆಯವನು ಯಾವಾಗ ಮುಟ್ಟಿದ ಎಂದು ಕ್ಷಣಕ್ಕೊಮ್ಮೆ ವಿಚಾರಿಸುತ್ತಿದ್ದರು. ಮಾಲತೇಶ ಮತ್ತು ಉಚ್ಚಂಗಪ್ಪ ಮುಖ ಕೊಟ್ಟು ಮಾತಾಡಿ ವರ್ಷವಾಗಿತ್ತು. ಆದರೂ ಇಷ್ಟೊಂದು ಕುಶಲ ವಿಚಾರಿಸಿಕೊಂಡವರು ಎರಡು ತಾಲೂಕಿನಲ್ಲಿ ಇರಲಿಕ್ಕಿಲ್ಲ.

ಜಗದಕ್ಕ ಮಲ್ಲಿಕಾರ್ಜುನನಿಗೆ ಫೋನು ಮಾಡಿದಳು.

"ಫೈಲಿಗೆ ಬೀಗ ಹಾಕಿಕೊಡ್ಲಾ ಅತ್ತೆ? ಯಾರೂ ಮುಟ್ಟಂಗಿಲ್ಲ, ಬರೀ ನೋಡಂಗೆ?"

ಅವಳು ಯೋಚಿಸಿದಳು. ಬೀಗ ಹಾಕಿದರೆ ಉಚ್ಚಂಗಪ್ಪ ಜೀಪು ಹತ್ತಿ ಇಲ್ಲಿಗೇ ಬರುತ್ತಾನೆ. ಟೇಪು ತರುತ್ತಾನೆ. ಇಬ್ಬರೂ ಮಷೀನಿನ ಎರಡು ಕಡೆ ಕೂತು ಇಂಚಿಂಚೂ ಅಳೆಸುತ್ತಾರೆ. ಎರಡೂ ಮುಖ ಸಮ ಮಾಡಿ ಪ್ರಿಂಟು ಹಾಕಿದರೂ, ನನ್ನದು ಸಣ್ಣದು ಎಂದು ಇಬ್ಬರಿಗೂ ಕಾಣುತ್ತದೆ. ಎರಡು ಮುಖ ಸಮ ಮಾಡುವುದಕ್ಕೆ ಇರುವುದು ಒಂದೇ ದಾರಿ.

"ಬೀಗ ಬ್ಯಾಡಪ್ಪ," ಎಂದಳು. "ಮುಟ್ಲಿ. ಎಷ್ಟು ಬೇಕಾದ್ರೂ ಮುಟ್ಲಿ. ಬೆಳಿಗ್ಗೆ ತೆಗೆದ ನಕಲು ಇರ್ತದಲ್ಲ, ಅದು ಎಲ್ಲೈತೆ ಅಂತ ಹೇಳು."

*

ಬೆಳಗಿನ ನಕಲನ್ನು ತನ್ನ ಕಂಪ್ಯೂಟರಿಗೆ ಎಳೆದುಕೊಂಡು ಜಗದಕ್ಕ ಕೆಲಸಕ್ಕೆ ಕೂತಳು. ಮೊದಲು ಮಾಲತೇಶನನ್ನು ಅಳಿಸಿದಳು. ಕನ್ನಡಕ ಒಂದು ಕ್ಷಣ ಉಳಿದು ಆಮೇಲೆ ಹೋಯಿತು. ಉಚ್ಚಂಗಪ್ಪ ಮೀಸೆ ಸಮೇತ ಒಂದೇ ಏಟಿಗೆ ಹೋದ. ಖಾಲಿಯಾದ ಜಾಗಕ್ಕೆ ಸಿಡಿಲು ಹಿಗ್ಗಿತು. ಕಾಲು ಝಾಡಿಸಿ, ಮೈ ಮುರಿದು ನಿಂತಂತೆ ಕಂಡಿತು. ತುಂಗಮ್ಮನ ಫೋಟೋವನ್ನು ಮೂಲೆಯಿಂದ ಎಳೆದು ಹೋರಿಯ ಎದುರಿಗೇ ತಂದು ನಿಲ್ಲಿಸಿದಳು. ಈಗ ದೊಡ್ಡ ಸಿಡಿಲು ತಲೆ ತಗ್ಗಿಸಿ ನೋಡುತ್ತಿದ್ದದ್ದು ಮುದುಕಿಯ ತೊಡೆಯ ಮೇಲಿದ್ದ ಪುಟ್ಟ ಸಿಡಿಲನ್ನು. ಕೆಳಗೆ 'ಶಿಕಾರಿಪುರ, ಸೊರಬ ಅಭಿಮಾನಿ ಬಳಗ' ಎಂದಿತ್ತು. ಅದನ್ನು ಮುಟ್ಟಲಿಲ್ಲ.

ಪೆನ್‌ಡ್ರೈವು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದವಳು ಒಂದು ಕ್ಷಣ ನಿಂತಳು. ಇಬ್ಬರೂ ಸುಮ್ಮನಾದರೆ ಪ್ರಿಂಟು ನೋಡಲು ಬಂದೇ ಬರುತ್ತಾರೆ. ಸುಮ್ಮನಾಗಲು ಬಿಡಬಾರದು.

ಸೊರಬಕ್ಕೆ ಫೋನು ಮಾಡಿದಳು. "ಗುರು, ಊಟಾಯ್ತಾ? ಅಲ್ಲ, ಸುಮ್ನೆ ಹೇಳ್ದೆ. ಇಲ್ಲಿ ಮಾಲತೇಶ ಬಂದು ಸುಷ್ಮಿತಾ ಪಕ್ಕ ಕೂತಿದಾನೆ. ಎಡಗಡೆ ಅಂಕಿ ಏರ್ತಾ ಐತೆ. ಯಾಕೆ ಅಂತ ನಂಗೇನು ಗೊತ್ತಾಗ್ತದೆ, ಹೆಂಗಸು."

ಫೋನಿನ ಆಚೆ ಚಾಪೆಯೊಂದು ಧಡಾರನೆ ಎದ್ದು ನಿಂತ ಸದ್ದಾಯಿತು.

ಆಮೇಲೆ ಗಾಜಿನ ತಡಿಕೆಗೆ ಬಾಯಿ ಹಚ್ಚಿ, "ಮಾಲತೇಶ, ಬಲಗಡೆ ಒಂಥರಾ ಐತೆ ನೋಡಪ್ಪ. ಸೊರಬದಲ್ಲಿ ಯಾರೋ ಬಹಳ ಬರೀತಿದಾರೆ. ಹಬ್ಬದ ಹಾಡು ಬರೀತಿರಬೇಕು," ಎಂದು ಹೇಳಿ ಮಷೀನಿನ ಕೋಣೆಗೆ ನಡೆದಳು.

ಎರಡು ಕಿಟಕಿಯೂ ಕುದಿಯತೊಡಗಿದವು.

ಮಷೀನು ಶುರುವಾಯಿತು. ಫ್ಲೆಕ್ಸು ಮೇಲಿಂದ ಕೆಳಕ್ಕೆ ಒಂದೊಂದೇ ಪಟ್ಟಿ ಹೊರಬರುತ್ತದೆ. ಮೊದಲು ಆಕಾಶ, ಆಮೇಲೆ ಕೊಂಬಿನ ತುದಿ. ಆಗಲೇ ಬಾಗಿಲ ಬಳಿ ಕರಿ ಕನ್ನಡಕ ಹೊಳೆಯಿತು.

"ಪ್ರಿಂಟ್ ಶುರು ಆತೇನ್ರೀ ಅಕ್ಕಾರೆ? ನಂದೆಲ್ಲಿ, ಕಾಣ್ತಿಲ್ಲ?"

ಜಗದಕ್ಕ ಮಷೀನಿಗೆ ಅಡ್ಡವಾಗಿ ನಿಂತಳು. ಇವನು ಇಲ್ಲೇ ನಿಂತರೆ, ಇನ್ನು ಸ್ವಲ್ಪ ಹೊತ್ತಿಗೆ ಹೊರಬರುವುದು ತುಂಗಮ್ಮನ ಹಣೆ. ಮಷೀನು ನಿಲ್ಲಿಸಿಬಿಡುತ್ತಾನೆ. ಮುದುಕಿ ಮತ್ತೆ ಮೀಸೆಯ ಹಿಂದೆ ಹೋಗುತ್ತಾಳೆ.

"ಇದು ಸ್ಯಾಂಪಲ್ಲು ಕಣಪ್ಪ. ಬಣ್ಣ ಸರಿ ಬರ್ತದೋ ಇಲ್ವೋ ಅಂತ ಬರೀ ಕೊಂಬು ಹೊಡ್ದು ನೋಡ್ತಿದೀನಿ. ಅಲ್ಲ, ನೀನಿಲ್ಲಿ ನಿಂತ್ರೆ ಅಲ್ಲಿ ಯಾರು ನೋಡ್ತಾರೆ? ಈಗಷ್ಟೇ ನೋಡಿ ಬಂದೆ, ಬಲಗಡೆ ಮತ್ತೆ ಏರ್ತಿತ್ತು."

"ಮತ್ತೆ ಏರ್ತಾ? ಆ ಮೀಸೆ ನನ್ಮಗ!" ಮಾಲತೇಶ ಒಂದು ಕಾಲಿನ ಚಪ್ಪಲಿ ಅಲ್ಲೇ ಬಿಟ್ಟು ಓಡಿದ. ಸುಷ್ಮಿತಾಗೆ ಎರಡನೇ ಪೊಟ್ಟಣ ಮಂಡಕ್ಕಿ ಬಂತು.

ಸಂಜೆ ಹೊತ್ತಿಗೆ ಫ್ಲೆಕ್ಸು ಸುರುಳಿಯಾಗಿ, ಮೇಲೆ ಹಳೆ ಪೇಪರು ಸುತ್ತಿಸಿಕೊಂಡು, ಹಗ್ಗ ಕಟ್ಟಿಸಿಕೊಂಡು ಮೂಲೆಯಲ್ಲಿ ನಿಂತಿತ್ತು. ಜಗದಕ್ಕ ಎರಡೂ ಕಡೆಗೆ ಹೇಳಿ ಕಳಿಸಿದಳು: ಪ್ರಿಂಟಾಯ್ತು, ಬಣ್ಣ ಒಣಗಬೇಕು, ನಾಳೆ ಬೆಳಿಗ್ಗೆ ಅಖಾಡದಲ್ಲೇ ಬಿಚ್ಚಿ, ಮುಂಚೆ ಬಿಚ್ಚಿದರೆ ಅಂಟುತ್ತದೆ. ಅಂಟುತ್ತದೆ ಅನ್ನುವುದು ಸುಳ್ಳು. ಅಂಟಿಕೊಂಡಿದ್ದದ್ದು ಅವರು.

ಕೊನೆಯದಾಗಿ ಫೋಲ್ಡರಿನ ಆ ಫೈಲನ್ನು ತೆರೆದು ನೋಡಿದಳು. ಹೋರಿ ಪೂರ್ತಿ ಮಾಯ. ಅರ್ಧಕ್ಕೆ ಒಂದು ಕನ್ನಡಕ, ಅರ್ಧಕ್ಕೆ ಒಂದು ಮೀಸೆ. ಎರಡೂ ಸೇರಿ ಒಬ್ಬನೇ ಮನುಷ್ಯನ ಹಾಗೆ ಕಾಣುತ್ತಿತ್ತು. ರಾಜಿ ಅಂದರೆ ಇದೇ ಇರಬೇಕು ಎಂದುಕೊಂಡು ಮುಚ್ಚಿದಳು.

*

ಮರುದಿನ ಬೆಳಿಗ್ಗೆ ಜಗದಕ್ಕ ಮನೆದೇವರಿಗೆ ಎರಡು ಊದುಬತ್ತಿ ಜಾಸ್ತಿ ಹಚ್ಚಿ ಅಖಾಡಕ್ಕೆ ಹೋದಳು. ಊರಾಚೆಯ ಬಯಲಿನಲ್ಲಿ ಜನ ಆಗಲೇ ಇರುವೆಯಂತೆ ಸೇರಿದ್ದರು. ಎರಡು ಬಿದಿರಿನ ಕಂಬ ನೆಟ್ಟಿದ್ದರು. ಎಡದ ಕಂಬದ ಕೆಳಗೆ ಮಾಲತೇಶ, ಹೊಸ ಅಂಗಿ. ಬಲದ ಕಂಬದ ಕೆಳಗೆ ಉಚ್ಚಂಗಪ್ಪ, ಮೀಸೆಗೆ ಎಣ್ಣೆ, ಜೇಬಿನಲ್ಲಿ ಅಳತೆ ಟೇಪಿನ ಉಬ್ಬು. ಅವನ ಪಕ್ಕ ಗುರುಪ್ರಕಾಶ, ಅತ್ತಿಗೆಯನ್ನು ಕಂಡು ಆಕಾಶ ನೋಡಿದ. ಮುದುಕಿ ತುಂಗಮ್ಮ ದೂರದಲ್ಲಿ ಮೊಮ್ಮಕ್ಕಳ ಹಿಂಡು ಕಟ್ಟಿಕೊಂಡು, ಯಾರಿಗೂ ಅಡ್ಡ ಬಾರದ ಹಾಗೆ ಬೇಲಿಯ ಪಕ್ಕ ನಿಂತಿದ್ದಳು.

ಹಗ್ಗ ಎಳೆದರು. ಫ್ಲೆಕ್ಸು ಬಿಚ್ಚಿಕೊಂಡಿತು.

ಆಕಾಶ. ಕೊಂಬು. ಸಿಡಿಲು. ತುಂಗಮ್ಮ. ಅಷ್ಟೆ.

ಹಲಗೆ ಬಡಿಯುತ್ತಿದ್ದವರು ಬಡಿಯುವುದನ್ನು ನಿಲ್ಲಿಸಿದರು. ಮಾಲತೇಶ ಕರಿ ಕನ್ನಡಕ ತೆಗೆದ. ಎಡದ ತುದಿಯಿಂದ ತನ್ನನ್ನು ಹುಡುಕುತ್ತ ಬಂದ. ಉಚ್ಚಂಗಪ್ಪ ಬಲದ ತುದಿಯಿಂದ ಹುಡುಕುತ್ತ ಬಂದ. ಇಬ್ಬರೂ ನಡುವೆ ಹೋರಿಯ ಹೊಟ್ಟೆಯ ಕೆಳಗೆ ಎದುರಾಬದುರಾ ಬಂದು ನಿಂತರು. ಜಗದಕ್ಕನ ಕಣ್ಣ ಮುಂದೆ ಅಂಗಡಿಯ ಬೋರ್ಡು ಇಳಿಯುತ್ತಿರುವುದು ಕಂಡಿತು, ಏಣಿಯ ಸಮೇತ.

"ಏನ್ರೀ ಅಕ್ಕಾರೆ ಇದು?" ಎಂದ ಮಾಲತೇಶ.

"ನಮ್ದೆಲ್ಲಿ ಹೋತು?" ಎಂದ ಉಚ್ಚಂಗಪ್ಪ.

ಜಗದಕ್ಕ ಸೆರಗು ಸರಿ ಮಾಡಿಕೊಂಡಳು. "ನಾನೇನು ಮಾಡ್ಲಿ? ನೀವು ಈ ಕಡೆಯಿಂದ ಎಳೆದ್ರಿ, ಅವ್ರು ಆ ಕಡೆಯಿಂದ ಎಳೆದ್ರು. ನಿನ್ನೆ ಪೂರ್ತಿ ಎಳೆದೇ ಎಳೆದ್ರಿ. ಇಬ್ರೂ ಅಂಚು ದಾಟಿ ಆಚೆ ಹೋಗ್ಬಿಟ್ರಿ. ಮಷೀನಿಗೆ ಒಂದು ಅಗಲ ಅಂತ ಇರ್ತದಲ್ಲಪ್ಪ?"

ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕರು. ಮಾಲತೇಶ ಮತ್ತೆ ಫ್ಲೆಕ್ಸು ನೋಡಿದ. ತನ್ನನ್ನಲ್ಲ, ಬಲದ ಅಂಚನ್ನು. ತುದಿಯಿಂದ ತುದಿಗೆ ಕಣ್ಣಾಡಿಸಿ, ಪಕ್ಕದವನನ್ನು ಮೆಲ್ಲಗೆ ಕೇಳಿದ.

"ಮೀಸೇದು ಎಲ್ಲೂ ಇಲ್ಲ ತಾನೇ?"

"ಇಲ್ಲಣ್ಣ. ಕೂದ್ಲೂ ಇಲ್ಲ."

ಮಾಲತೇಶನ ಮುಖ ಅರಳಿತು. ಆ ಕಡೆ ಉಚ್ಚಂಗಪ್ಪ ಜೇಬಿನ ಟೇಪು ಮುಟ್ಟಿ ನೋಡಿಕೊಳ್ಳುತ್ತ ಗುರುಪ್ರಕಾಶನಿಗೆ ಹೇಳುತ್ತಿದ್ದ. "ಕನ್ನಡಕದವ್ನು ಬಂದಿಲ್ಲ ಹೌದಲ್ಲ? ಮೂಲೇಲೂ ಇಲ್ಲ? ಹಂಗಾರೆ ಬಿಡು ಮಾರಾಯ. ಚೊಲೋ ಆಗೈತೆ. ಹೋರಿ ಫ್ಲೆಕ್ಸು ಅಂದ್ರೆ ಹೋರಿನೇ ಇರ್ಬೇಕು."

"ನಾನೂ ಅದ್ನೇ ಹೇಳಿದ್ದು ಮೊದ್ಲಿಂದ," ಎಂದ ಮಾಲತೇಶ, ಈ ಕಡೆಯಿಂದಲೇ ಜೋರಾಗಿ. ವರ್ಷದ ಮೇಲೆ ಅವರಿಬ್ಬರ ನಡುವೆ ನಡೆದ ಮೊದಲ ಮಾತು ಅದು. ಇಬ್ಬರೂ ಗಾಬರಿಯಾಗಿ ಬೇರೆ ಬೇರೆ ಕಡೆ ನೋಡಿದರು.

ಹಲಗೆ ಮತ್ತೆ ಶುರುವಾಯಿತು. ಮೊಮ್ಮಕ್ಕಳು ತುಂಗಮ್ಮನನ್ನು ಎಳೆದುಕೊಂಡು ಬಂದು ಫ್ಲೆಕ್ಸಿನ ಕೆಳಗೆ ನಿಲ್ಲಿಸಿದವು. ಮೇಲಿನ ತುಂಗಮ್ಮ ಕೆಳಗಿನ ತುಂಗಮ್ಮನ ನಾಲ್ಕರಷ್ಟಿದ್ದಳು. ಮುದುಕಿ ತಲೆಯೆತ್ತಿ ಬಹಳ ಹೊತ್ತು ನೋಡಿದಳು. ಸೆರಗಿನಿಂದ ಒಂದು ಸಲ ಮೂಗು ಒರೆಸಿಕೊಂಡಳು. ಜಗದಕ್ಕ ಹತ್ತಿರ ಹೋಗಿ ನಿಂತಳು.

"ಆತೇನ್ರೀ ತುಂಗಮ್ಮ?"

"ಆತು." ಇನ್ನಷ್ಟು ನೋಡಿ ಹೇಳಿದಳು, "ಇದ್ರಾಗೂ ಕಳ್ಳಿ ಥರಾನೇ ಬಂದೀನಲ್ರೀ."

"ಹೌದು. ಆದ್ರೆ ಆಧಾರ್ ಕಾರ್ಡಲ್ಲಿ ಚಿಲ್ರೆ ಕಳ್ಳಿ. ಇಲ್ಲಿ ದೊಡ್ಡ ಕಳ್ಳಿ."

ತುಂಗಮ್ಮ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಅಷ್ಟೊತ್ತಿಗೆ ನಿಜವಾದ ಸಿಡಿಲನ್ನು ಅಖಾಡಕ್ಕೆ ಬಿಟ್ಟರು. ಅದು ಬಲೂನು ಹಾರಿಸಿಕೊಂಡು ಫ್ಲೆಕ್ಸಿನ ಮುಂದೆಯೇ ಹಾದು ಹೋ ಎನ್ನುವ ಜನದೊಳಗೆ ನುಗ್ಗಿತು. ಆವತ್ತೂ ಕೊಬ್ಬರಿ ಕೊಡಲಿಲ್ಲ.

*

ಮಧ್ಯಾಹ್ನ ಅಂಗಡಿಗೆ ಬಂದು ಕೂತ ಜಗದಕ್ಕ ರೂಢಿಯಂತೆ ಆ ಒಂದು ಪದ ಟೈಪು ಮಾಡಿದಳು. ಹಬ್ಬದ ರಜೆ, ಎರಡೂ ಅಂಗಡಿ ಮುಚ್ಚಿರಬೇಕು. ಎಡದ ಕಿಟಕಿ ತಣ್ಣಗೆ ಮಲಗಿತ್ತು. ಬಲದ್ದರಲ್ಲಿ 'ಏನ್ ಸಮಾಚಾರ' ಮೆಲ್ಲಗೆ ಮಿಸುಕಾಡುತ್ತಿತ್ತು.

ಫೋನು ಬಡಿದುಕೊಂಡಿತು.

"ಅತ್ತಿಗೆ, ನಾ ಗುರು. ಸಿಟ್ಟು ಮಾಡ್ಕೋಬ್ಯಾಡ್ರಿ. ತಪ್ಪಾಯ್ತು. ಇನ್ಮ್ಯಾಲೆ ಆ ಫೈಲ್ ತಂಟೆಗೆ ಹೋಗಂಗಿಲ್ಲ."

"ಒಳ್ಳೇದಪ್ಪ. ಎಲ್ಲಿದೀಯ ಈಗ?"

"ಮನೇಲೇ ಅತ್ತಿಗೆ. ಊಟಕ್ಕೆ ಕೂತಿದೀನಿ. ಆಮೇಲೆ ಒಂದು ಮಾತು, ಆ ಫೈಲು ಅಳಿಸ್ಬ್ಯಾಡ್ರಿ, ಹಂಗೇ ಇರ್ಲಿ. ಮುಂದಿನ ವರ್ಷಕ್ಕೆ ಬೇಕಂತೆ."

"ಯಾರಿಗೆ ಬೇಕಂತೆ?"

ಗುರುಪ್ರಕಾಶನ ಹಿಂದೆ ಯಾರೋ ಚಾಪೆ ಎಳೆಯಲು ಹೇಳಿದರು. ಬಲದ ಕಿಟಕಿಯಲ್ಲಿ 'ಮುಟ್ಟಿದೆ' ಒಂದು ಅಂಕಿ ಮೇಲೇರಿತು.

"ಇರ್ಲಿ ಬಿಡು, ಊಟ ಮಾಡು," ಎಂದಳು ಜಗದಕ್ಕ. ಕುರ್ಚಿಯನ್ನು ಪರದೆಯ ಹತ್ತಿರ ಎಳೆದುಕೊಂಡು, ಸುಷ್ಮಿತಾ ಬಿಟ್ಟು ಹೋಗಿದ್ದ ಮಂಡಕ್ಕಿ ಪೊಟ್ಟಣವನ್ನು ಬಿಚ್ಚಿದಳು.